ಹೆಣ್ಣು ಕೊಡುವಂಥ ದೇಶ

“ಅದಕ್ಕೂ ಹತ್ತೇ ಬರ್ಕೊಳಮ್ಮ,” ಎಂದ ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತಿದ್ದ ನಾಗರಾಜಪ್ಪ. ಜಪಾನಿಗೆ ಹತ್ತು, ಅಮೆರಿಕಕ್ಕೆ ಹತ್ತು, ಈಗ ಜರ್ಮನಿಗೂ ಹತ್ತು. ಯಾವ ದೇಶದ ಮೇಲೆ, ಯಾವ ಕಂಪನಿಯ ಮೇಲೆ ಜನರಿಗೆ ಹತ್ತಕ್ಕೆ ಎಷ್ಟು ನಂಬಿಕೆ ಎಂದು ಅಳೆಯಲು ಬಂದಿದ್ದ ಸರ್ವೆ ಹುಡುಗಿ ಪದ್ಮಶ್ರೀ ಪೆನ್ನು ಕೆಳಗಿಟ್ಟಳು. ಮೊಳಕಾಲ್ಮೂರಿನ ಈ ಬೀದಿಯಲ್ಲಿ ಮನೆಮನೆಗೂ ಹತ್ತೇ. ಫಾರಂಗಳನ್ನು ಹೀಗೇ ಒಯ್ದರೆ, ಮನೆಯಲ್ಲಿ ಕೂತು ತಾನೇ ತುಂಬಿದ್ದಾಳೆಂದು ಸೂಪರ್‌ವೈಸರ್ ಕೆಲಸ ಬಿಡಿಸುತ್ತಾನೆ.

“ಯಾರಿಗಾದ್ರೂ ಕಮ್ಮಿ ಕೊಡ್ರಿ, ಯಜಮಾನ್ರೇ.”

“ಹೊರಗಿನೋರು ಬಂದು ಒಂದು ಮನೆ ಬಗ್ಗೆ ವಿಚಾರಿಸಿದ್ರೆ ನಾವು ಕೆಟ್ಟದ್ದು ಹೇಳಲ್ಲಮ್ಮ. ಆ ಮನೆ ಮಕ್ಳಿಗೆ ಸಂಬಂಧ ತಪ್ಪೋಗ್ತೈತೆ.”

ಪದ್ಮಶ್ರೀಗೆ ದಾರಿ ಹೊಳೆಯಿತು. “ಸರಿ, ನಿಮ್ಮ ಮಗಳನ್ನೇ ಕೊಡ್ಬೇಕು ಅಂದ್ಕೊಳ್ರಿ. ಜಪಾನಿಗೆ ಕೊಡ್ತೀರಾ?”

ಲಾಳಿ ನಿಂತಿತು. “ಹಗಲೂ ರಾತ್ರಿ ದುಡೀತಾರಂತೆ. ನಾಕು.”

“ಅಮೆರಿಕ?”

“ಅಷ್ಟು ದೂರದಿಂದ ಬಾಣಂತನಕ್ಕೆ ಕಳಿಸ್ತಾರೇನೇ? ಒಂದು!” ಒಲೆ ಮುಂದಿನಿಂದ ಹೆಂಡತಿ ಓಬಳಮ್ಮ ಕೂಗಿದಳು. ಜರ್ಮನಿಗೆ ಗಂಡ ಆರು ಕೊಟ್ಟರೆ ಅವಳು ಮೂರಕ್ಕಿಳಿಸಿದಳು. ಕಂಪನಿಗಳಿಗೂ ಅದೇ ಗತಿ.

ಕೊನೆಯ ಸಾಲಿನಲ್ಲಿ ಪದ್ಮಶ್ರೀಯನ್ನು ಕಳಿಸಿದ ಸರ್ವೆ ಕಂಪನಿಯದೇ ಹೆಸರಿತ್ತು. ನಾಗರಾಜಪ್ಪ ಬಾಗಿಲಲ್ಲಿದ್ದ ಅವಳ ಚಪ್ಪಲಿ ನೋಡಿದ. ಕಿತ್ತ ಪಟ್ಟಿಯನ್ನು ಪಿನ್ನೊಂದು ಹಿಡಿದಿತ್ತು.

“ಆ ಮನೆ ಸೇರಿರೋಳು ನೀನು. ನೀನೇ ಹೇಳಮ್ಮ, ಹೆಂಗೆ ನೋಡ್ಕೋತಾರೆ?”

“ಚೆನ್ನಾಗೇ ನೋಡ್ಕೋತಾರೆ,” ಎನ್ನುತ್ತ ಪದ್ಮಶ್ರೀ ತಲೆ ತಗ್ಗಿಸಿ ಹತ್ತು ಬರೆದಳು.

ಓಬಳಮ್ಮ ಇನ್ನೊಂದು ತಟ್ಟೆ ತಂದು ಅವಳಿಗೂ ಮುದ್ದೆ ಇಟ್ಟಳು.