ಎಣ್ಣೆಯ ವಾಸನೆ

"ಎಣ್ಣೆ," ಎಂದು ಅಣ್ಣ ಮೂಸಿದ ಗ್ಲಾಸನ್ನು ಕೆಳಗಿಟ್ಟ.

ತಂಗಿ ತುಟಿ ಕಚ್ಚಿಕೊಂಡಳು. ಎದುರಿಗೆ ಕೂತಿದ್ದ ಕಾರ್ಖಾನೆಯ ಯಜಮಾನರು ನಿಟ್ಟುಸಿರು ಬಿಟ್ಟು, ಆ ಹಂಡೆಯ ಮಾಲನ್ನೂ ಬದಿಗಿಡಲು ಹೇಳಿದರು. ಹೊಸ ಎಣ್ಣೆ ತುಂಬಿದಂದಿನಿಂದ ಡಿಸ್ಟಿಲರಿಯ ಒಂದು ಬಾಟಲಿಯೂ ಗೇಟು ದಾಟಿರಲಿಲ್ಲ.

ಅಲ್ಲಿನ ತಾಮ್ರದ ಹಂಡೆಗಳಿಗೆ ಎರಡೆರಡು ಗೋಡೆ. ಒಳಗೆ ಮದ್ಯ ಕುದಿಯುತ್ತದೆ. ಗೋಡೆಗಳ ನಡುವಿನ ಜಾಕೆಟ್‌ನಲ್ಲಿ ಬಿಸಿ ಎಣ್ಣೆ ಸುತ್ತುತ್ತದೆ. ಬೆಂಕಿ ನೇರವಾಗಿ ತಾಗಿದರೆ ತಳ ಸೀಯುತ್ತದೆ, ಎಣ್ಣೆಯಾದರೆ ಕಾವು ಎಲ್ಲ ಕಡೆ ಸಮ. ಹಳೆಯ ಎಣ್ಣೆ ಕಾದೂ ಕಾದೂ ಡಾಂಬರಿನಂತಾಗಿತ್ತು. ಬೇರೆಯದನ್ನು ಆರಿಸುವ ಹೊಣೆ ಎಂಜಿನಿಯರಾದ ತಂಗಿಯ ತಲೆಗೆ ಬಂತು. ಹಬೆ ಬಿಡೋಣವೆಂದರೆ ಸವೆದ ಗೋಡೆಗಳು ಒತ್ತಡ ತಾಳುವ ನಂಬಿಕೆ ಇರಲಿಲ್ಲ. ಕಾರ್ಖಾನೆಗಳ ಮಾಮೂಲಿ ಎಣ್ಣೆ ಎಷ್ಟು ಕಾವನ್ನಾದರೂ ತಡೆದುಕೊಳ್ಳುತ್ತಿತ್ತು. ಆದರೆ ಸೂಜಿಮೊನೆಯಷ್ಟು ಸೋರಿದರೂ ಅದು ಕುಡಿದವರ ಹೊಟ್ಟೆಗೆ ವಿಷ. ಕೊನೆಗೆ ಅವಳು ಆಹಾರದ ಯಂತ್ರಗಳಿಗೆ ಹಾಕುವ ಬಿಳಿ ಎಣ್ಣೆಯನ್ನು ಆರಿಸಿದಳು. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಂತೂ ಇಲ್ಲವೇ ಇಲ್ಲ.

ಅಣ್ಣನನ್ನು ಒಂದು ಮಾತು ಕೇಳಲಿಲ್ಲ. ಆಗ ಅವನು ಜ್ವರದಲ್ಲಿ ಮಲಗಿದ್ದ.

ಕೆಲಸದವರು ಅವನನ್ನು ಕರೆಯುತ್ತಿದ್ದುದೇ ಮೂಗಣ್ಣ ಎಂದು. ಮೂಟೆ ಬಿಚ್ಚುವ ಮೊದಲೇ ಧಾನ್ಯಕ್ಕೆ ಬೂಷ್ಟು ಹಿಡಿದಿದೆ ಎನ್ನಬಲ್ಲವನು. ಯಾವ ಮಾಲು ಹೊರಗೆ ಹೋಗಬೇಕು, ಯಾವುದು ಚರಂಡಿಗೆ ಎಂಬುದು ಅವನ ಮೂಗಿನ ತೀರ್ಪು. ಜ್ವರ ಬಿಟ್ಟು ಕೆಲಸಕ್ಕೆ ಬಂದವನು ಮೊದಲ ಗ್ಲಾಸನ್ನು ಮೂಸಿ, ಕಣ್ಣು ಮುಚ್ಚಿ, ಮತ್ತೆ ಮತ್ತೆ ಮೂಸಿದ. ಆಮೇಲೆ ಅದೇ ಮಾತು ಹೇಳಿದ: ಎಣ್ಣೆ.

ತಂಗಿ ಜಾಕೆಟ್‌ಗೆ ಗಾಳಿ ತುಂಬಿ ನೋಡಿದಳು. ಎಲ್ಲೂ ಸೋರಲಿಲ್ಲ. ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿದಳು. ಅವರಿಗೆ ಏನೂ ಸಿಗಲಿಲ್ಲ. ಎಣ್ಣೆಯನ್ನೇ ಬಸಿದು, ಜಾಕೆಟ್ ತೊಳೆಸಿ, ಔಷಧಿಗಳಿಗೂ ಸೇರಿಸುವಂಥ ಗ್ಲೈಕಾಲ್ ಎಂಬ ದ್ರವವನ್ನು ನೀರಿಗೆ ಬೆರೆಸಿ ತುಂಬಿದಳು. ಹಂಡೆ ಕಾಯಲು ಬಹಳ ಹೊತ್ತು ಹಿಡಿಯಿತು. ಅಣ್ಣ ಮೂಸಿದ. ಮತ್ತೆ ಎಣ್ಣೆಯೇ. ಈಗ ಅದರಲ್ಲಿ ಎಣ್ಣೆಯೇ ಇಲ್ಲವಲ್ಲ ಎಂದಳು. ಹಳೆಯದು ಗೋಡೆಗೆ ಕಚ್ಚಿಕೊಂಡಿರುತ್ತೆ ಎಂದು ಅವನು ಎದ್ದುಹೋದ.

ಮೂಗಣ್ಣ ಹೇಳಿದ ಮೇಲೆ ಮುಗಿಯಿತು. ಉಳಿದವರ ಮೂಗಿಗೂ ಎಣ್ಣೆ ಹೊಡೆಯತೊಡಗಿತು. ಕಾವಲಿನವನು ಗೇಟಿನಲ್ಲಿ ನಿಂತೇ ಮೂಗು ಮುಚ್ಚಿಕೊಂಡನಂತೆ. ತಂಗಿಯೂ ಗ್ಲಾಸಿನ ಮೇಲೆ ಬಗ್ಗಿ ಬಗ್ಗಿ, ತನಗೂ ಬರುತ್ತಿದೆಯೋ ಇಲ್ಲವೋ ಹೇಳಲಾರದೆ ಹೋದಳು. ಇಲ್ಲದ್ದನ್ನು ಇಲ್ಲವೆಂದು ತೋರಿಸುವುದು ಹೇಗೆ?

ಅಣ್ಣ ತಂಗಿ ಒಂದೇ ಮನೆಯಲ್ಲಿದ್ದರು. ಮಾತು ಕಡಿಮೆಯಾಗಿತ್ತು. ಒಂದು ಬೆಳಿಗ್ಗೆ ಅವಳು ಹಾಲು ಕಾಯಲಿಟ್ಟು ಸ್ನಾನಕ್ಕೆ ಹೋದಳು. ಬಂದು ನೋಡಿದರೆ ಪಾತ್ರೆ ಸೀದು ಕರಿಯಾಗಿದೆ, ಹಜಾರದ ತನಕ ಘಾಟು. ಅಣ್ಣ ಒಲೆಗೆ ಬೆನ್ನು ಹಾಕಿ, ಮಾರು ದೂರದಲ್ಲಿ ಪೇಪರ್ ಓದುತ್ತ ಕೂತಿದ್ದಾನೆ. ಒಂದು ಕೂಗು ಹಾಕಿದ್ದರೆ ಸಾಕಿತ್ತು. ಅವಳಿಗೆ ಅಳು ಬಂತು. ಹಂಡೆಗಳ ಉಸ್ತುವಾರಿ ತನಗೆ ಬಂದದ್ದು, ಕೇಳದೆ ಎಣ್ಣೆ ಆರಿಸಿದ್ದು ಅವನಿಗೆ ಇಷ್ಟು ನಾಟಿದೆಯೇ ಎಂದುಕೊಂಡಳು. ಒಡಹುಟ್ಟಿದವನೇ ಹೀಗೆ ಕತ್ತು ಹಿಸುಕಿದರೆ ಯಾರ ಹತ್ತಿರ ಹೇಳಿಕೊಳ್ಳುವುದು?

ಇನ್ನೊಂದು ಮಾಲು ಕೆಟ್ಟರೆ ಹಂಡೆಗಳನ್ನೇ ನಿಲ್ಲಿಸುವುದಾಗಿಯೂ, ಅವಳೂ ಬೇರೆ ಕಡೆ ಕೆಲಸ ನೋಡಿಕೊಳ್ಳಬೇಕೆಂದೂ ಯಜಮಾನರು ಮೆತ್ತಗೆ ತಿಳಿಸಿದರು. ಆಗ ಅವಳು ಮನಸ್ಸು ಕಲ್ಲು ಮಾಡಿಕೊಂಡು ಅವರಿಗೆ ಒಂದು ಉಪಾಯ ಹೇಳಿದಳು.

ಮರುದಿನ ಮೇಜಿನ ಮೇಲೆ ಗ್ಲಾಸು ಬಂತು. ಅಣ್ಣ ಕಣ್ಣು ಮುಚ್ಚಿ ಮೂಸಿದ. ಅವನ ಹಣೆಯ ಮೇಲೆ ಬೆವರಿತ್ತು.

"ಎಣ್ಣೆ," ಎಂದ. "ಸುಟ್ಟ ರಬ್ಬರಿನ ಹಾಗೆ."

ಯಜಮಾನರು ಮೇಜಿನ ಕೆಳಗಿಂದ ಬಾಟಲಿ ಎತ್ತಿಟ್ಟರು. ಅದು ಹೋದ ವರ್ಷದ ಮಾಲು. ಇಷ್ಟು ಚೆನ್ನಾಗಿರೋದು ಈ ಹಂಡೆಗಳಿಂದ ಇಳಿದೇ ಇಲ್ಲ ಎಂದು ಇದೇ ಅಣ್ಣ, ಇದೇ ಕುರ್ಚಿಯಲ್ಲಿ ಕೂತು ಹೊಗಳಿದ್ದ ಮಾಲು.

ಅಣ್ಣ ಬಾಟಲಿಯನ್ನೇ ನೋಡಿದ. ತಂಗಿಯ ಮೇಲಿನ ಹೊಟ್ಟೆಕಿಚ್ಚಿಗೆ ನನ್ನ ವ್ಯಾಪಾರವನ್ನೇ ಮುಳುಗಿಸಿದೆಯಲ್ಲ ಎಂದು ಯಜಮಾನರು ಕೇಳಿದಾಗಲೂ ಇಲ್ಲವೆನ್ನಲಿಲ್ಲ. ನಾಳೆಯಿಂದ ಬರುವುದು ಬೇಡ ಎಂದರು. ಅವನು ಏಪ್ರನ್ ಬಿಚ್ಚಿ, ಮಡಚಿ, ಕುರ್ಚಿಯ ಮೇಲಿಟ್ಟು ಹೊರಟ.

ಗೆದ್ದವಳ ಹಾಗೆ ಅವಳಿಗೆ ಅನಿಸಲಿಲ್ಲ. ಹಿಂದೆಯೇ ಓಡಿ, ಗೇಟಿನ ಹತ್ತಿರ ಅವನ ತೋಳು ಹಿಡಿದು ನಿಲ್ಲಿಸಿದಳು.

"ನಾನು ನಿನಗೆ ಏನು ಮಾಡಿದ್ದೆ ಅಣ್ಣ?"

"ನೀನೇನೂ ಮಾಡಿಲ್ಲ. ನಿನ್ನ ಎಣ್ಣೆ ಸರಿಯಾಗೇ ಇದ್ದಿರಬೇಕು."

"ಇದ್ದಿರಬೇಕು ಅಂದ್ರೆ? ಮತ್ತೆ ಒಂದು ಸಲನಾದ್ರೂ ಚೆನ್ನಾಗಿದೆ ಅನ್ನೋಕೆ ಏನಾಗಿತ್ತು?"

"ಧೈರ್ಯ ಬರಲಿಲ್ಲ. ಎಲ್ಲಾದ್ರೂ ಸೋರಿದ್ರೆ? ಜನ ನನ್ನ ಮಾತು ನಂಬಿ ಕುಡೀತಾರೆ."

ಅವಳಿಗೆ ಅರ್ಥವಾಗಲಿಲ್ಲ. ಅವನು ಅವಳ ಕೈಯನ್ನು ತೋಳಿನಿಂದ ಮೆಲ್ಲಗೆ ಬಿಡಿಸಿದ.

"ಜ್ವರ ಬಿಟ್ಟಾಗಿನಿಂದ ನನಗೆ ಯಾವ ವಾಸನೆಯೂ ಬರ್ತಿಲ್ಲ, ಪುಟ್ಟಿ."