ಗೋಡೆಗೆ ಮುಖ ಮಾಡಿದ ಚಿತ್ರಪಟ

ಹೋಟೆಲ್ ಕೋಣೆಗೆ ಕಾಲಿಟ್ಟವನೇ ಓಡಿಲ್, ಮಂಚದ ತಲೆಯ ಕಡೆ ಗೋಡೆಗೆ ನೇತುಹಾಕಿದ್ದ ಹಸುವಿನ ಚಿತ್ರಪಟವನ್ನು ಮೊಳೆಯಿಂದ ತೆಗೆದು, ಗೋಡೆಗೆ ಮುಖ ಮಾಡಿ ನೆಲದ ಮೇಲಿಟ್ಟ. ಆಮೇಲೆ ಅಂಗೈಗೆ ಎಣ್ಣೆ ಸುರಿದುಕೊಂಡ. ನಲವತ್ತು ವರ್ಷದಿಂದ ಸೈಕಲ್ ಪಟುಗಳ ಕಾಲು ತಿಕ್ಕುತ್ತಿದ್ದವನು. ಈಗ ಮಂಚದ ಮೇಲೆ ಬೋರಲು ಮಲಗಿದ್ದವನು ತಂಡದ ಸೈಕಲ್ ಪಟು ಯೋರೆ; ಹಿಂದೆ ಅವನ ಅಪ್ಪನ ಕಾಲನ್ನೂ ಓಡಿಲ್‌ನೇ ತಿಕ್ಕಿದ್ದ.

"ಆ ಹಸು ನಿಮಗೇನು ಮಾಡಿತ್ತು, ಮಾಮ?" ಯೋರೆ ನಕ್ಕ. "ಓ, ಪಟುಗಳಿಗೆ ಶಕ್ತಿ ಹೆಚ್ಚಲಿ ಅಂತ ಕದ್ದು ಏರಿಸ್ತಿದ್ದ ರಕ್ತದ ಚೀಲ ನೇತುಹಾಕೋಕೆ ಮೊಳೆ ಬೇಕಿತ್ತಲ್ವಾ ನಿಮ್ಮ ಕಾಲದಲ್ಲಿ! ಈಗ ಒಂದು ಸೂಜಿ ಸಿಕ್ಕರೂ ತಂಡದಿಂದ ಒದ್ದೋಡಿಸ್ತಾರೆ."

"ಹಾಳು ಅಭ್ಯಾಸ ಕಣೋ. ಆಗ ಎಲ್ಲರೂ ಹಾಗೇ ಮಾಡ್ತಿದ್ರು."

"ಗೋಡೆಗೆ ಮುಖ ಮಾಡಿ ಇಡೋದೂನಾ?"

"ಅದು ನಾನೊಬ್ಬನೇ. ಗಾಜಿಗೆ ಎಣ್ಣೆ ಹತ್ತಬಾರದಲ್ಲ," ಎಂದ ಓಡಿಲ್, ಸ್ವಲ್ಪ ಜಂಬದಿಂದಲೇ.

ಯೋರೆಯ ನಗು ನಿಂತಿತು. ನಿದ್ದೆಯಲ್ಲೇ ಅಪ್ಪನ ಹೃದಯ ನಿಂತುಹೋದ ಹೋಟೆಲ್ ಕೋಣೆಯ ಪೊಲೀಸ್ ಫೋಟೋವನ್ನು ಅವನು ನೂರು ಸಲ ನೋಡಿದ್ದ. ಗೋಡೆಯಲ್ಲಿ ಬರೀ ಮೊಳೆ. ಕೆಳಗೆ, ಗೋಡೆಗೆ ಮುಖ ಮಾಡಿ ನಿಂತ ಚಿತ್ರಪಟ.

"ಅವತ್ತು ಅಪ್ಪನ ಕೋಣೆಗೆ ನೀವು ಹೋಗೇ ಇರಲಿಲ್ಲ ಅಂತ ಅಮ್ಮನ ಹತ್ರ ಹೇಳಿದ್ರಿ, ಮಾಮ."

ಓಡಿಲ್‌ನ ಕೈ ಮೀನಖಂಡದ ಮೇಲೆ ಹಾಗೇ ನಿಂತಿತು. ಯೋರೆ ಮೆಲ್ಲಗೆ ಕಾಲನ್ನು ಎಳೆದುಕೊಂಡ.