ಕುಂಟೆಯ ತಳ ಬಳಿದ ಬೇಸಿಗೆ

ಈಗಲೂ ನೀರಿನ ತೊಟ್ಟಿ ತೊಳೆಯುವಾಗ ಕೆಸರಿನ ವಾಸನೆ ಬಂದರೆ ಸಾಕು, ನನ್ನ ಗಂಟಲಿಗೆ ಒಂದು ಕಪ್ಪೆ ಬಂದು ಕೂರುತ್ತದೆ.

ನಮ್ಮ ಹಿತ್ತಲಲ್ಲಿ ಮಂಚದಗಲದ ಒಂದು ನೀರಿನ ಕುಂಟೆಯಿತ್ತು. ಬೇಸಿಗೆಯಲ್ಲಿ ನೀರಿಂಗಿದ ಮೇಲೆ ತಳದ ಗೋಡುಮಣ್ಣು ತೆಗೆದು ರಾಗಿ ಹೊಲಕ್ಕೆ ಚೆಲ್ಲುವುದು ಅಜ್ಜಿಯ ಕೆಲಸ. ಆ ವರ್ಷ ಅಜ್ಜಿಗೆ ಸೊಂಟ ಹಿಡಿದಿತ್ತು. ಬೇತಮಂಗಲದ ಬಸ್ಸಿನ ಹಾರ್ನ್, ಅಜ್ಜಿಯ ಕೆಮ್ಮು, ಕುಂಟೆಯ ಕಪ್ಪೆ, ಇಷ್ಟನ್ನು ಅಣಕಿಸುವುದು ಬಿಟ್ಟರೆ ಬೇರೇನೂ ಬಾರದ ನಾನು ಗುದ್ದಲಿ ಹಿಡಿದೆ. ಊಟದ ತಟ್ಟೆ ಬಳಿದ ಹಾಗೆ ತಳ ಬಳಿದು ಹೊಲಕ್ಕೆ ಸಾಗಿಸಿದೆ.

ಅಜ್ಜಿ ಬಂದು ನೋಡಿ ಹಣೆ ಚಚ್ಚಿಕೊಂಡಳು. "ಎಲ್ಲಾ ಬಳ್ದ್‌ಬುಟ್ಟೇನ್ಲಾ! ಅರ್ಧ ಬಿಡ್ಬೇಕು ಕಣ್ಲಾ. ಗೋಡಿನಾಗೆ ಕಪ್ಪೆಗಳು ಮನಿಕ್ಕಂಡಿರ್ತವೆ."

ನನ್ನ ಸಂಗೀತದ ಗುರುಗಳನ್ನೇ ಬಿಸಿಲಿಗೆ ಎಸೆದು ಬಂದಿದ್ದೆ! ಮಂಕರಿ ಬುಟ್ಟಿ ಹಿಡಿದು ಹೊಲಕ್ಕೆ ಓಡಿದೆ. ಹಸಿ ಗೋಡನ್ನು ಬೆರಳಲ್ಲಿ ಬಿಡಿಸುತ್ತಾ ಹೋದಾಗ ತಣ್ಣಗಿನ ಒಂದು ಉಂಡೆ ಕಣ್ಣು ಬಿಟ್ಟಿತು. ಅಂಥವು ಮೂರು ಸಿಕ್ಕವು. ಗೋಡಿನ ಸಮೇತ ತಂದು ಕುಂಟೆಯ ಮೂಲೆಗೆ ಹಾಕಿ ಒದ್ದೆ ಗೋಣಿ ಹೊದಿಸಿದೆ.

"ಬದುಕ್ತಾವಾ ಅಜ್ಜೀ?"

"ಮಳೆ ಬರ್ಲಿ, ಅವನ್ನೇ ಕೇಳು."

ದಿನಾ ಗೋಣಿಯ ಮೇಲೆ ಒಂದು ಚೊಂಬು ನೀರು ಹಾಕಿದೆ. ಅಷ್ಟು ದಿನವೂ ಕಪ್ಪೆಯನ್ನು ಅಣಕಿಸಲು ಬಾಯೇ ಬರಲಿಲ್ಲ.

ಮೊದಲ ಮಳೆ ನಿಂತ ಸಂಜೆ, ಮುದ್ದೆಯ ಮುಂದೆ ಕಿವಿಗೊಟ್ಟು ಕೂತಿದ್ದೆ. ಹಿತ್ತಲಿನಿಂದ ಒಂದು "ವಟರ್" ಕೇಳಿಸಿತು.

ಒಲೆಯ ಮುಂದಿನಿಂದ ಅಜ್ಜಿ ಗದರಿದಳು: "ಉಣ್ಣೋವಾಗಾದ್ರೂ ಬಾಯ್ ಮುಚ್ಕಳ್ಲಾ!"

ನನ್ನ ಬಾಯಿ ಮುಚ್ಚಿಯೇ ಇತ್ತು.